ಅರ್ಧ ನೂಲಿನ ಬಾಗಿಲು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನಾನು ಆಟಿಕೆ ಮಾಡುತ್ತಿರಲಿಲ್ಲ. ಬೆಟಗೇರಿಯಲ್ಲಿ ಇಂದಿಗೂ ಯಾರಾದರೂ ‘ಆಟಗಿ ಮೋಟಾರ ಫಕ್ಕೀರಪ್ಪ’ ಎಂದು ನನ್ನ ಮನೆಯ ಗುರುತು ಹೇಳಿದರೆ ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಆಟಿಕೆಯನ್ನು ಕೂಸು ಎಳೆದಾಡುತ್ತದೆ, ಮುರಿಯುತ್ತದೆ, ಒಂದಿಷ್ಟು ಅತ್ತು ಮರೆಯುತ್ತದೆ. ನಾನು ಮಾಡುತ್ತಿದ್ದುದು ಖರೆ ಗಾಡಿಗಳನ್ನೇ, ಅಳತೆ ಮಾತ್ರ ಸಣ್ಣದು. ಜೀಪು, ಅಂಬಾಸಿಡರ್, ಟ್ರ್ಯಾಕ್ಟರ್, ಟೆಂಪೋ, ಯಾರ ಮನೆಯಲ್ಲಿ ಯಾವ ಗಾಡಿಯ ಮೇಲೆ ಜೀವ ಇತ್ತೋ ಅದು.

ಕೈ ನಡುಗತೊಡಗಿದ ಮೇಲೆ ಕೆಲಸ ಬಿಟ್ಟೆ. ಅದಕ್ಕೆ ಬೇಸರವೇನೂ ಇಲ್ಲ. ಬೆಳಿಗ್ಗೆ ರೊಟ್ಟಿ ತಿಂದು ಕಟ್ಟೆಯ ಮೇಲೆ ಕುಳಿತು, ಹೋಗಿ ಬರುವ ಗಾಡಿಗಳ ಚಕ್ರ ನೋಡುತ್ತ ಸುಖವಾಗಿದ್ದೇನೆ. ಆದರೆ ಈ ಕೆಲಸಕ್ಕೆ ಹೊಸದಾಗಿ ಇಳಿದವರು ಗದಗಿನಿಂದ, ಮುಂಡರಗಿಯಿಂದ ಹುಡುಕಿಕೊಂಡು ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಬಣ್ಣ ಯಾಕೆ ಸಿಪ್ಪೆ ಏಳುತ್ತದೆ, ಚಕ್ರ ಯಾಕೆ ಸೊಟ್ಟ ಕಾಣುತ್ತದೆ, ಗಾಜಿಗೆ ಏನು ಹಾಕಬೇಕು. ನನ್ನ ಹೆಂಡತಿ ಕಸ್ತೂರಿ ಒಂದು ದಿನ ಹೇಳಿದಳು:

“ಒಂದ ಸಲ ಎಲ್ಲಾ ಬರದಿಡ್ರಿ. ಬಂದಾರಿಗೆಲ್ಲ ಚಾ ಕಾಸೂದಾದ್ರೂ ತಪ್ಪತೈತಿ ನನಗ.”

ಅವಳ ಚಹಾ ಉಳಿಸಲು ಬರೆಯುತ್ತಿದ್ದೇನೆ.

ನಾನು ಶಿರಹಟ್ಟಿ ಕಡೆಯ ಒಕ್ಕಲು ಮನೆತನದವನು. ಹೊಲದಲ್ಲಿ ಅಣ್ಣಂದಿರ ಕೈಗಳೇ ಹೆಚ್ಚಾಗಿದ್ದವು. ನಾನು ಗದಗಿಗೆ ಬಂದು ದಾವಲಸಾಬ್ ಮಿಸ್ತ್ರಿ ಎಂಬುವರ ಟಿಂಕರಿಂಗ್ ಗ್ಯಾರೇಜು ಸೇರಿದೆ. ನೆಗ್ಗಿದ ಗಾಡಿಯ ತಗಡನ್ನು ಬಡಿದು ನೆಟ್ಟಗೆ ಮಾಡುವುದು, ಪುಟ್ಟಿ ಹಚ್ಚುವುದು, ಉಜ್ಜುವುದು, ಬಣ್ಣ ಹೊಡೆಯುವುದು ನಮ್ಮ ಕೆಲಸ. ಗಿರಾಕಿಗೆ ಬಣ್ಣ ತೋರಿಸಲು ತಗಡಿನ ತುಂಡಿಗೆ ಹಚ್ಚಿ ಕೊಡುತ್ತಿದ್ದೆವು. ಚಪ್ಪಟೆ ತುಂಡಿನ ಮೇಲೆ ಬಣ್ಣ ಒಂದು ಥರ, ಬಾನೆಟ್ಟಿನ ಉಬ್ಬಿನ ಮೇಲೆ ಇನ್ನೊಂದು ಥರ ಕಾಣುತ್ತದೆ. ಗಿರಾಕಿ ಬಂದು ಜಗಳ ತೆಗೆಯುತ್ತಿದ್ದ. ಅದಕ್ಕೆ ನಾನು ಎಣ್ಣೆ ಡಬ್ಬಿಯ ತಗಡು ಬಗ್ಗಿಸಿ ಸಣ್ಣದೊಂದು ಬಾನೆಟ್ ಮಾಡಿದೆ. ಬಾನೆಟ್ ಆದ ಮೇಲೆ ಮಡ್‌ಗಾರ್ಡ್ ಇಲ್ಲದೆ ಅದು ಬೋಳು ಅನಿಸಿತು. ಹೀಗೆ ಒಂದೊಂದೇ ಸೇರುತ್ತ ಪೂರ್ತಿ ಜೀಪೇ ಆಗಿಬಿಟ್ಟಿತು. ಖುಷಿಯಲ್ಲಿ ಗ್ಯಾರೇಜಿನ ದೊಡ್ಡ ಗನ್ನಿನಿಂದಲೇ ಬಣ್ಣ ಹೊಡೆದು ಮಿಸ್ತ್ರಿಯ ಮುಂದೆ ಇಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಲೇ ಫಕ್ಕೀರ್ಯಾ, ಜೀಪ ಸಣ್ಣದಾತು. ಬಣ್ಣ ಸಣ್ಣದಾಗಲಿಲ್ಲಲೋ!”

ನನ್ನ ಇಡೀ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪಾಠ ಯಾರೂ ಹೇಳಿಕೊಡಲಿಲ್ಲ. ದೊಡ್ಡ ಗಾಡಿಯ ಬಣ್ಣವನ್ನು ಹಾಗೇ ತಂದು ಸಣ್ಣದಕ್ಕೆ ಹೊಡೆದರೆ ಬಾಗಿಲಿನ ಗೆರೆ, ದೀಪದ ಅಂಚು ಎಲ್ಲ ಮುಚ್ಚಿಹೋಗಿ, ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಒಮ್ಮೆಗೇ ಮುಚ್ಚುವ ಆಸೆ ಬಿಡಿ. ಒಂದು ಪದರ ಹೊಡೆದು, ಒಣಗಲು ಬಿಟ್ಟು, ನೀರಿನಲ್ಲಿ ನೆನೆಸಿದ ವಾಟರ್ ಪೇಪರ್ ಎಂಬ ಮರಳುಕಾಗದದಿಂದ ಮೆಲ್ಲಗೆ ಉಜ್ಜಿ, ಮತ್ತೆ ಹೊಡೆಯಿರಿ. ಬಣ್ಣವನ್ನು ಒಂದು ಚೂರು ತಿಳಿಯಾಗಿಯೂ ಮಾಡಿಕೊಳ್ಳಬೇಕು. ಸಣ್ಣ ವಸ್ತುವಿನ ಮೇಲೆ ಎಲ್ಲ ಬಣ್ಣವೂ ಗಾಢವಾಗಿಯೇ ಕಾಣುತ್ತದೆ. ಕಪ್ಪನ್ನಂತೂ ಅಚ್ಚ ಕಪ್ಪಾಗಿ ಎಂದೂ ಹೊಡೆಯಬೇಡಿ.

ಆ ಜೀಪು ಮಿಸ್ತ್ರಿಯ ಮೇಜಿನ ಮೇಲಿತ್ತು. ನೋಡಿದವರು ನಮ್ಮದೊಂದು ಮಾಡಿಕೊಡಿ ಎಂದು ಗಂಟುಬಿದ್ದರು. ಮೊದಲು ಕೆಲಸವಿಲ್ಲದ ಹೊತ್ತಿನಲ್ಲಿ ಮಾಡುತ್ತಿದ್ದೆ. ಮಿಸ್ತ್ರಿ ತೀರಿಕೊಂಡು ಗ್ಯಾರೇಜು ಮುಚ್ಚಿದ ಮೇಲೆ ಬೆಟಗೇರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇದನ್ನೇ ಕಸುಬು ಮಾಡಿಕೊಂಡೆ. ಮಾಡಿದ ಗಾಡಿಗಳೆಲ್ಲ ಈಗ ಎಲ್ಲೆಲ್ಲಿವೆಯೋ ಗೊತ್ತಿಲ್ಲ. ಅವುಗಳಲ್ಲಿ ಲಕ್ಷ್ಮೇಶ್ವರದ ಒಂದು ಆರ್ಡರನ್ನು ಮಾತ್ರ ಪೂರ್ತಿ ಹೇಳಬೇಕು. ಈ ಕೆಲಸದಲ್ಲಿ ಏನೇನು ತಪ್ಪು ಮಾಡಬಹುದೋ ಅದರಲ್ಲಿ ಬಹಳಷ್ಟನ್ನು ನಾನು ಅಲ್ಲಿಯೇ ಮಾಡಿದೆ.

ಒಂದು ದಿನ ಲಕ್ಷ್ಮೇಶ್ವರದಿಂದ ಗೌರವ್ವ ಎಂಬ ವಯಸ್ಸಾದ ಹೆಣ್ಣುಮಗಳು ಬಂದರು. ಗಂಡ ಅಡತಿ ಅಂಗಡಿ ನಡೆಸುತ್ತಿದ್ದವರು, ತೀರಿಕೊಂಡಿದ್ದರು. ಅವರ ಅಂಬಾಸಿಡರ್ ಗಾಡಿ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ನೇರವಾಗಿ ವಿಷಯಕ್ಕೆ ಬಂದರು.

“ತಮ್ಮಾ, ನನಗ ಇಬ್ರು ಮಕ್ಕಳು. ದೊಡ್ಡಾಂವ ಮಲ್ಲಣ್ಣ, ಸಣ್ಣಾಂವ ಈರಣ್ಣ. ವಾಟ್ನಿ ಆತು. ಹೊಲ ಎರಡ ಮಾಡಿದ್ರು, ಮನಿ ಎರಡ ಮಾಡಿದ್ರು, ಹಂಡೇನೂ ಹಂಚಿಕೊಂಡ್ರು. ಗಾಡಿ ಒಂದ ಎರಡ ಮಾಡಾಕ ಬರಲಿಲ್ಲ. ಅಪ್ಪನ ಗಾಡಿ ನನಗ ಬೇಕು ಅಂತ ಇಂವ, ನನಗ ಬೇಕು ಅಂತ ಅಂವ. ದೊಡ್ಡಾಂವನ ಕಡೆ ಗಾಡಿ ಚಾವಿ, ಸಣ್ಣಾಂವನ ಕಡೆ ಶೆಡ್ಡಿನ ಚಾವಿ. ಅವತ್ತಿನಿಂದ ಇಬ್ರಿಗೂ ಮಾತಿಲ್ಲ.”

“ನಾ ಏನ ಮಾಡ್ಲಿ ಅವ್ವಾರ?”

“ಸಣ್ಣವು ಎರಡ ಮಾಡಿಕೊಡು. ಇಂವಗೊಂದು, ಅಂವಗೊಂದು. ಆಮ್ಯಾಲ ದೊಡ್ಡ ಗಾಡಿ ಹೆಂಗರ ಆಗ್ಲಿ. ನಾ ಇರೂದ್ರಾಗ ಇಬ್ರೂ ಬಾಯಿ ಬಿಟ್ಟು ಒಂದ ಮಾತ ಆಡಿದ್ರ ಸಾಕು ನನಗ. ಆದ್ರ ನೆಪ್ಪಿಡು, ಎರಡರಾಗ ಕೂದಲೆಳಿಯಷ್ಟೂ ಫರಕ ಇರಬಾರದು. ಇದ್ರ ಅದಕೂ ಜಗಳಾ ತಗೀತಾರ.”

ಆಯಿತು ಎಂದೆ. ಒಂದೇ ಥರದ ಎರಡು ಗಾಡಿ ಮಾಡುವುದರಲ್ಲಿ ಏನು ಮಹಾ ಎಂದುಕೊಂಡಿದ್ದೆ. ಆದರೆ ಆ ತಾಯಿಯ ಮುಖ ನೋಡಿದ ಮೇಲೆ ಅದು ಅಷ್ಟು ಹಗುರ ಅನಿಸಲಿಲ್ಲ. ನನ್ನ ಗಾಡಿ ಕೆಟ್ಟರೆ ಗಿರಾಕಿ ಬಯ್ಯುತ್ತಾನೆ, ಅಷ್ಟೇ. ಇಲ್ಲಿ ಕೆಟ್ಟರೆ ಇಬ್ಬರು ಅಣ್ಣತಮ್ಮಂದಿರಿಗೆ ಹೊಸ ಕಾರಣ ಸಿಗುತ್ತದೆ.

ಅಳತೆಗೆ ಹೋದೆ. ಗೌರವ್ವ ಮಕ್ಕಳಿಂದ ಬೇರೆ ಬೇರೆಯಾಗಿ ಚಾವಿ ಇಸಿದುಕೊಂಡು ಇಟ್ಟಿದ್ದರು. ಒಬ್ಬನೂ ಶೆಡ್ಡಿನ ಕಡೆ ಸುಳಿಯಲಿಲ್ಲ. ಗಾಡಿ ಧೂಳು ಹೊತ್ತು ನಿಂತಿತ್ತು. ಅದರ ಎಡಮಗ್ಗುಲು ಗೋಡೆಗೆ ಅಂಟಿಕೊಂಡ ಹಾಗೆ ಇತ್ತು, ಕೈ ತೂರಿಸಲೂ ಜಾಗವಿರಲಿಲ್ಲ. ನಾನು ಬಲಮಗ್ಗುಲನ್ನು ಇಂಚಿಂಚು ಅಳೆದೆ. ಎಡಕ್ಕೆ ಅದನ್ನೇ ತಿರುಗಿಸಿ ಹಾಕಿದರಾಯಿತು, ಕಂಪನಿಯವರು ಎರಡೂ ಕಡೆ ಒಂದೇ ಥರ ಮಾಡಿರುತ್ತಾರಲ್ಲ ಎಂದು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ.

ಹೊಸಬರೇ, ಈ ಜಾಗದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಕಂಪನಿಯಿಂದ ಹೊರಬಿದ್ದ ದಿನ ಮಾತ್ರ ಗಾಡಿಯ ಎರಡು ಮಗ್ಗುಲು ಒಂದೇ ಥರ ಇರುತ್ತವೆ. ಮನೆಯವರು ಹತ್ತಿ ಇಳಿದ ಮೇಲೆ ಇರುವುದಿಲ್ಲ. ಗೋಡೆಗೆ ಒತ್ತಿದ್ದರೆ ನಾಲ್ಕು ಜನರನ್ನು ಕರೆದು ನೂಕಿಸಿ ನೋಡಬೇಕು. ನಾನು ನೂಕಿಸಲಿಲ್ಲ.

ಹೊರಡುವಾಗ ದೊಡ್ಡವ ಮಲ್ಲಣ್ಣ ಬೀದಿಯಲ್ಲಿ ತಡೆದ.

“ಮಿಸ್ತ್ರಿಯವರ, ಬಣ್ಣ ಜ್ವಾಕಿ. ನಮ್ಮಪ್ಪನ ಗಾಡಿದು ಹಾಲಿನ ಕೆನಿ ಬಣ್ಣ. ಈಗ ಮ್ಯಾಲ ಕಾಣೂದನ್ನ ನೋಡಿ ಮೋಸ ಹೋಗಬ್ಯಾಡ್ರಿ.”

ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣವ ಈರಣ್ಣ ಬೈಕು ನಿಲ್ಲಿಸಿದ.

“ಅವರು ಕೆನಿ ಬಣ್ಣ ಅಂತ ಹೇಳ್ಯಾರ ಹೌದಿಲ್ರಿ? ಅದು ಸುಳ್ಳು. ಗಾಡಿ ಬಿಳೀದು. ನಾ ಸಣ್ಣಾಂವ ಇದ್ದಾಗಿಂದ ನೋಡೀನಿ.”

ಒಡಹುಟ್ಟಿದ ಅಣ್ಣನನ್ನು ‘ಅವರು’ ಎಂದು ಪರಕೀಯನ ಹಾಗೆ ಕರೆಯುವುದನ್ನು ಕೇಳಿ ನನಗೆ ಕಸಿವಿಸಿಯಾಯಿತು. ನಮ್ಮ ಕಡೆ ಸಿಟ್ಟು ಬಂದರೆ ಏಕವಚನದಲ್ಲಿ ಬಯ್ಯುತ್ತಾರೆ. ಬಹುವಚನಕ್ಕೆ ಹೋದರೆ ಸಂಬಂಧ ದೂರವಾಗಿದೆ ಎಂದೇ ಅರ್ಥ.

ಬಣ್ಣದ ತಕರಾರನ್ನು ಗ್ಯಾರೇಜಿನ ಬುದ್ಧಿಯೇ ಬಿಡಿಸಿತು. ಮುಂದಿನ ಸಲ ಹೋದಾಗ ಬಾಗಿಲ ಸುತ್ತ ಇರುವ ರಬ್ಬರ್ ಬೀಡಿಂಗನ್ನು ಒಂದು ಕಡೆ ಎತ್ತಿ ನೋಡಿದೆ. ಅದರ ಕೆಳಗೆ ಕೆನೆ ಬಣ್ಣ ಹೊಸದರ ಹಾಗೆ ಕುಳಿತಿತ್ತು. ಬಾಗಿಲು ತೆರೆದಾಗ ಮಾತ್ರ ಕಾಣುವ ಚೌಕಟ್ಟೂ ಕೆನೆ ಬಣ್ಣದ್ದೇ. ಯಾವಾಗಲೋ ಹೊರಗಿನಿಂದ ಬಿಳಿ ಹೊಡೆಸಿದ್ದಾರೆ, ಒಳ ಅಂಚಿಗೆ ಹೊಡೆಯುವ ಗೋಜಿಗೆ ಹೋಗಿಲ್ಲ. ದೊಡ್ಡವನಿಗೆ ಹಳೆಯ ಬಣ್ಣ ನೆನಪಿದೆ, ಸಣ್ಣವನಿಗೆ ಆಮೇಲಿನದು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇದನ್ನು ಕಂಡ ದಿನ ನಾನು ಬಸ್ಸಿನಲ್ಲಿ ಒಬ್ಬನೇ ನಗುತ್ತ ಬಂದೆ. ಹೊರಗೆ ಬಿಳಿ, ಬಾಗಿಲು ತೆರೆದರೆ ಕೆನೆ. ಗಾಡಿ ಹೇಗಿದೆಯೋ ಹಾಗೇ ಮಾಡಿದರೆ ಇಬ್ಬರಿಗೂ ಅವರವರ ಬಣ್ಣ ಸಿಗುತ್ತದೆ. ಆದರೆ ಅದಕ್ಕೆ ಬಾಗಿಲು ತೆರೆಯಲೇಬೇಕು. ಎರಡು ಗಾಡಿಗೆ ಎಂಟು ಬಾಗಿಲು.

ಅಲ್ಲಿಯವರೆಗೆ ನಾನು ತೆರೆಯುವ ಬಾಗಿಲು ಮಾಡುವುದನ್ನು ತಪ್ಪಿಸಿಕೊಂಡೇ ಬಂದಿದ್ದೆ. ಬಾಗಿಲು ಮಾಡುವುದೆಂದರೆ ತಲೆನೋವು. ಬಿಗಿಯಾದರೆ ಬಣ್ಣ ಹೊಡೆದ ಮೇಲೆ ಅಂಟಿಕೊಳ್ಳುತ್ತದೆ, ಸಡಿಲಾದರೆ ಹಲ್ಲು ಬಿದ್ದ ಬಾಯಿಯ ಹಾಗೆ ಸಂದಿ ಕಾಣುತ್ತದೆ. ಅದನ್ನು ಕೊನೆಗೆ ನೋಡಿಕೊಂಡರಾಯಿತೆಂದು ಚಕ್ರದಿಂದ ಶುರುಮಾಡಿದೆ.

ಚಕ್ರದಿಂದಲೇ ಶುರುಮಾಡಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. ಮೈಕಟ್ಟು ಎಷ್ಟೇ ಚೆನ್ನಾಗಿರಲಿ, ಚಕ್ರ ಒಂದು ಚೂರು ದೊಡ್ಡದಾದರೆ ಗಾಡಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡ ಹಾಗೆ ಕಾಣುತ್ತದೆ. ಈಗ ಮುಂಡರಗಿಯ ಕೆಲವು ತರುಣರು ಅಂಗಡಿಯಲ್ಲಿ ಸಿಗುವ ಲೋಹದ ಸಣ್ಣ ಕಾರು ತಂದು, ಅಡಿಯ ರಿವೆಟ್ ಕೊರೆದು ಬಿಚ್ಚಿ, ದೊಡ್ಡ ಚಕ್ರ ಹಾಕಿ, ಮೈಯನ್ನು ನೆಲಕ್ಕೆ ಇಳಿಸಿ ನನ್ನ ಮುಂದೆ ತಂದಿಡುತ್ತಾರೆ. ಮಾಡಲಿ, ನನ್ನದೇನೂ ತಕರಾರಿಲ್ಲ. ಆದರೆ ಆ ಚಕ್ರ ತಿರುವಿನಲ್ಲಿ ಹೊರಳಲು ಒಳಗೆ ಜಾಗ ಇದೆಯೇ ಎಂದು ಕೇಳಿದರೆ ಗಾಡಿಯನ್ನು ತಿರುವಿ ನೋಡತೊಡಗುತ್ತಾರೆ. ಖರೆ ಗಾಡಿಯಲ್ಲಿ ಆಗದ್ದನ್ನು ಸಣ್ಣದರಲ್ಲಿ ಮಾಡಿದರೆ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಇನ್ನೊಂದು, ಹಳೆಯ ಬಣ್ಣ ತೆಗೆದ ಮೇಲೆ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೈಯ ಜಿಡ್ಡು ಉಳಿದಲ್ಲಿ ಹೊಸ ಬಣ್ಣ ಹಿಡಿಯುವುದಿಲ್ಲ. ಸಿಪ್ಪೆ ಏಳುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ, ಬಣ್ಣದ ಕಂಪನಿಯನ್ನು ಬಯ್ಯಬೇಡಿ.

ನನ್ನ ಟೈರುಗಳು ಸವೆದ ಹವಾಯಿ ಚಪ್ಪಲಿಯಿಂದ ಆಗುತ್ತಿದ್ದವು. ಗುಂಡಗೆ ಕತ್ತರಿಸಿ, ಮೊಳೆಗೆ ಸಿಕ್ಕಿಸಿ, ಡ್ರಿಲ್ಲಿನಲ್ಲಿ ತಿರುಗಿಸುತ್ತ ವಾಟರ್ ಪೇಪರ್ ಹಿಡಿದರೆ ನಯವಾದ ಟೈರು ಬರುತ್ತದೆ. ಗಾಜಿಗೆ ಬೆಟಗೇರಿಯ ಸೀರೆ ಡಬ್ಬಿಗಳ ಮೇಲಿನ ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು ನನಗೆ ಎಲ್ಲೂ ಸಿಗಲಿಲ್ಲ. ಮುಂದಿನ ದೀಪಕ್ಕೆ ಲಂಬಾಣಿ ಹೆಣ್ಣುಮಕ್ಕಳು ಕಸೂತಿಗೆ ಹಚ್ಚುವ ಸಣ್ಣ ದುಂಡು ಕನ್ನಡಿ. ಅದರ ಮೇಲೆ ಒಂದು ಹನಿ ಪಾರದರ್ಶಕ ಗೋಂದು ಬಿಟ್ಟು ಒಣಗಿಸಿದರೆ ಒಳಗಿನಿಂದ ಬೆಳಕು ಬಂದ ಹಾಗೆ ಹೊಳೆಯುತ್ತದೆ. ಸಂತೆಯಲ್ಲಿ ಆ ಕನ್ನಡಿ ಕೊಳ್ಳುವಾಗ ಮೀಸೆ ಹೊತ್ತ ಗಂಡಸಿಗೆ ಇದು ಯಾಕೆ ಎಂದು ಅವರು ನಗುತ್ತಾರೆ. ನೀವೂ ನಕ್ಕುಬಿಡಿ.

ಗೌರವ್ವನ ಗಾಡಿಗೆ ಧೂಳು ಹಚ್ಚಬೇಕೋ ಬೇಡವೋ ಎಂಬ ಯೋಚನೆಯೂ ಬಂದಿತ್ತು. ಹಚ್ಚಲಿಲ್ಲ, ಅದಕ್ಕೆ ಕಾರಣ ಕೊರ್ಲಹಳ್ಳಿಯ ಒಂದು ಟ್ರ್ಯಾಕ್ಟರು. ಹೊಳೆದಂಡೆಯ ಆ ಊರಿನ ರೈತರೊಬ್ಬರಿಗೆ ಗೃಹಪ್ರವೇಶದ ದಿನ ಇಡಲು ಟ್ರ್ಯಾಕ್ಟರ್ ಮಾಡಿಕೊಟ್ಟಿದ್ದೆ. ಫಳಫಳ ಹೊಳೆಯುವ ಕೆಂಪು. ಅವರು ನೋಡಿ ಹೇಳಿದ್ದು:

“ಇದು ಶೋರೂಮಿಂದು, ನಂದಲ್ಲ. ನನ್ನ ಗಾಲಿಗೆ ಎರಿ ಮಣ್ಣ ಇರಲಾರದ ದಿನಾನ ಇಲ್ಲ.”

ನಾನು ಶಾಣ್ಯಾತನ ಮಾಡಲು ಹೋಗಿ, ಅವರ ಹೊಲದ್ದೇ ಎರೆಮಣ್ಣು ತಂದು ಗೋಂದಿನಲ್ಲಿ ಕಲಸಿ ಗಾಲಿಗೆ ಬಳಿದೆ. ಅಂದು ನೋಡಲು ಚಂದವೇ ಇತ್ತು. ಒಣಗಿತು ನೋಡಿ, ಬೇಸಿಗೆಯ ಹೊಲದ ಹಾಗೆ ಬಿರುಕು ಬಿಟ್ಟಿತು! ಹೋಮದ ಹೊತ್ತಿಗೆ ಗಾಲಿಯಿಂದ ಹೆಂಟೆ ಹೆಂಟೆಯಾಗಿ ಕಳಚಿ ಹೊಸ ಮನೆಯ ಬಿಳಿ ನೆಲದ ಮೇಲೆ ಬಿತ್ತಂತೆ. ಅವರ ಹೆಂಡತಿ ಕಸಬರಿಗೆ ಹಿಡಿದುಕೊಂಡೇ ನನ್ನ ಹೆಸರು ಕೇಳಿದರಂತೆ. ಖರೆ ಮಣ್ಣಿನ ಕಣ ಸಣ್ಣ ಗಾಡಿಗೆ ಕಲ್ಲುಗುಂಡಿನಷ್ಟು ದೊಡ್ಡದು, ಅದರಲ್ಲೂ ನಮ್ಮ ಎರೆಮಣ್ಣು ತನ್ನ ಗುಣ ಎಲ್ಲಿಯೂ ಬಿಡುವುದಿಲ್ಲ. ಮಣ್ಣು ತೋರಿಸಬೇಕಾದರೆ ಬಣ್ಣದ ಪುಡಿಯನ್ನು ಒಣ ಕುಂಚದಿಂದ ಉಜ್ಜಿ ತೋರಿಸಿ. ಆ ರೈತರಿಗೆ ಆಮೇಲೆ ಹಾಗೆ ಮಾಡಿಕೊಟ್ಟೆ. ಇಂದಿಗೂ ಸಿಕ್ಕಾಗ “ಮಣ್ಣ ಉದುರಸಾಂವ ಬಂದ” ಎಂದೇ ಮಾತಾಡಿಸುತ್ತಾರೆ.

ಕೊನೆಗೆ ಬಾಗಿಲಿನ ಸರದಿ ಬಂತು. ಎಂಟು ಬಾಗಿಲು ನನ್ನೊಬ್ಬನಿಂದ ಬೇಗ ಆಗುವಂತಿರಲಿಲ್ಲ. ಗೌರವ್ವ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಆಗ ಕಸ್ತೂರಿಯೇ ಮುಂದೆ ಬಂದಳು.

“ಕೊಡ್ರಿ ಇಲ್ಲೆ. ಹತ್ತಿ ಎಳಿ ಹಿಡದ ಕೈ ಇದು, ತಗಡ ಹಿಡಿಯಾಕ ಬರೂದಿಲ್ಲೇನು?”

ಅವಳು ಬೆಟಗೇರಿಯ ನೇಕಾರರ ಮಗಳು. ಮಗ್ಗದ ಮುಂದೆಯೇ ಬೆಳೆದವಳು. ನಾನು ಬಾಗಿಲುಗಳನ್ನು ಕತ್ತರಿಸಿ ಕೊಟ್ಟು, ಬೇರೆ ಕೆಲಸಕ್ಕೆ ಗದಗಿಗೆ ಹೊರಟಾಗ ಹೇಳಿದೆ:

“ಚೌಕಟ್ಟಿನಾಗ ಕುಂಡ್ರಸುವಾಗ ಸುತ್ತಲೂ ಅರ್ಧ ನೂಲು ಜಾಗಾ ಬರೂ ಹಂಗ ಉಜ್ಜಿ ಬಿಡು. ಬಾಗಲಾ ಅದಕ್ಕಿಂತ ಬಿಗಿ ಆಗಬಾರದು.”

ಬಡಿಗರ, ಟಿಂಕರಿಂಗ್‌ನವರ ಬಾಯಲ್ಲಿ ನೂಲು ಎಂದರೆ ಇಂಚಿನ ಎಂಟರಲ್ಲಿ ಒಂದು ಪಾಲು. ಕೆಲವರು ಸೂತ ಎನ್ನುತ್ತಾರೆ. ದಾವಲಸಾಬ್ ಮಿಸ್ತ್ರಿಯಿಂದ ಕಲಿತ ಅಳತೆ ಅದು, ನನ್ನ ಬಾಯಲ್ಲಿ ಉಸಿರಿನಷ್ಟು ಸಹಜ. ನೇಕಾರರ ಮಗಳಿಗೆ ನೂಲು ಎಂದರೆ ಏನು ಎಂದು ನನಗೆ ಹೊಳೆಯಲೇ ಇಲ್ಲ.

ಸಂಜೆ ಬಂದರೆ ಅವಳು ಮುಖ ಗಂಟು ಹಾಕಿಕೊಂಡು ಕುಳಿತಿದ್ದಳು.

“ಅಲ್ರಿ, ನಿಮಗರ ಬುದ್ಧಿ ಐತೇನು? ಅರ್ಧ ನೂಲು ಅಂದ್ರ ಹೆಂಗ ಬಿಡ್ಲಿ? ನೂಲ ಸೀಳ್ಲೇನು? ನಮ್ಮಪ್ಪನ ಜನ್ಮದಾಗ ಯಾರೂ ಅರ್ಧ ನೂಲು ಅಂದಿಲ್ಲ. ನಾ ಪೂರಾ ಒಂದ ನೂಲು ಬಿಟ್ಟೀನಿ, ಬೈದ್ರ ಬೈರಿ.”

ನೋಡಿದೆ. ಪ್ರತಿ ಬಾಗಿಲಿನ ಸುತ್ತ, ಬಾಗಿಲಿಗೂ ಚೌಕಟ್ಟಿಗೂ ನಡುವೆ ಗಂಜಿ ಹಾಕಿದ ಒಂದೇ ಎಳೆ ಹತ್ತಿಯ ನೂಲು ಇಟ್ಟು, ಅದು ಬಿಗಿಯಾಗಿ ಕೂಡುವ ಹಾಗೆ ಉಜ್ಜಿ, ಕೀಲು ಅಂಟಿಸಿಬಿಟ್ಟಿದ್ದಳು. ನಾನು ಹೇಳಿದ ಸಂದಿಯ ಕಾಲು ಭಾಗವೂ ಇರಲಿಲ್ಲ. ಕೆಲಸ ಕೆಟ್ಟಿತು, ಎಲ್ಲವನ್ನೂ ಬಿಚ್ಚಬೇಕು ಎಂದು ತಲೆ ಚಚ್ಚಿಕೊಂಡೆ. ಅವಳು ಒಂದು ನೂಲಿನ ತುದಿ ಹಿಡಿದು ಮೆಲ್ಲಗೆ ಎಳೆದಳು. ಎಳೆ ಸುತ್ತಲೂ ಜಾರಿ ಹೊರಬಂತು. ಉಗುರಿನಿಂದ ಮುಟ್ಟಿದರೆ ಬಾಗಿಲು ತೆರೆಯಿತು. ಸಂದಿ ಸುತ್ತಲೂ ಒಂದೇ ಸಮ, ಕೂದಲಿನಷ್ಟು ಸಣ್ಣ ಗೆರೆ. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಖರೆ ಗಾಡಿಯ ಬಾಗಿಲ ಸಂದಿಯನ್ನು ಸಣ್ಣದು ಮಾಡದೆ, ಗ್ಯಾರೇಜಿನ ಸಂದಿಯನ್ನೇ ತಂದು ಸಣ್ಣ ಗಾಡಿಗೆ ಹಾಕಲು ಹೊರಟಿದ್ದೆ. ಮಿಸ್ತ್ರಿ ಬಣ್ಣಕ್ಕೆ ಹೇಳಿದ್ದನ್ನು ಬಾಗಿಲಿಗೆ ಹಚ್ಚಿ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಬಾಗಿಲುಗಳೆಲ್ಲ ಕಸ್ತೂರಿಯ ನೂಲಿನ ಲೆಕ್ಕದಲ್ಲಿಯೇ ಆದವು. ನೀವೂ ಹೀಗೇ ಮಾಡಿ. ಬಣ್ಣ ಹೊಡೆಯುವಾಗ ಇನ್ನೊಂದು ಎಳೆ ಸಂದಿಯಲ್ಲಿ ಕೂಡಿಸಿ, ಪೂರ್ತಿ ಒಣಗುವ ಮೊದಲು ಎಳೆದುಬಿಡಿ. ಗಂಜಿ ಹಾಕಿದ ನೂಲೇ ಆಗಬೇಕು, ಹಸಿ ನೂಲಿನ ನಾರು ಬಣ್ಣಕ್ಕೆ ಅಂಟುತ್ತದೆ. ಈಗ ಕಂಪ್ಯೂಟರಿನಲ್ಲಿ ಚಿತ್ರ ಬರೆದು ಯಂತ್ರದಿಂದ ಪ್ಲಾಸ್ಟಿಕ್ ಬಾಗಿಲನ್ನೇ ಅಚ್ಚು ತೆಗೆಯುತ್ತಾರೆ. ನಾಗಾವಿಯ ಕಡೆಯ ಒಬ್ಬ ತರುಣ ಅಧ್ಯಾಪಕರು ನನಗೊಂದು ತೋರಿಸಿದರು. ನೋಡಿ ಸಂತೋಷವಾಯಿತು. ನಾನು ವಾರಗಟ್ಟಲೆ ಉಜ್ಜಿದ್ದನ್ನು ಅದು ಒಂದು ರಾತ್ರಿಯಲ್ಲಿ ಮಾಡುತ್ತದೆ. ನಮ್ಮ ಕಾಲವೇ ಚಂದ ಎಂದು ಮುಖ ಸಿಂಡರಿಸುವವರ ಜೊತೆ ನಾನಿಲ್ಲ. ಆದರೆ ಆ ಬಾಗಿಲೂ ಬಣ್ಣ ಹೊಡೆದ ಮೇಲೆ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಆ ಅಧ್ಯಾಪಕರಿಗೆ ಕಸ್ತೂರಿ ಒಂದು ಲಡಿ ನೂಲು ಕೊಟ್ಟು ಕಳಿಸಿದಳು.

ಎರಡು ಅಂಬಾಸಿಡರ್ ಸಿದ್ಧವಾದವು. ಖರೆ ಗಾಡಿಯ ಒಂದು ಅಡಿಗೆ ಒಂದು ಇಂಚಿನ ಲೆಕ್ಕ. ಹೊರಗೆ ಬಿಳಿ, ಒಳ ಅಂಚಿಗೆ ಕೆನೆ. ಸೀಟಿಗೆ ಸೀರೆಯ ಅಂಚಿನ ತುಂಡನ್ನು ತಿರುವುಮುರುವು ಹಾಕಿ ಹೊಲಿದಿದ್ದೆವು, ಮೇಲಿನ ಹೊಳಪು ಸಣ್ಣ ಗಾಡಿಗೆ ಹೆಚ್ಚಾಗುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನಾವಿಬ್ಬರೂ ಫರಕು ಹುಡುಕಿದೆವು, ಸಿಗಲಿಲ್ಲ. ಇಷ್ಟು ಚಂದದ ಕೆಲಸ ನಾನು ಮೊದಲು ಮಾಡಿರಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತ್ತು ಎಂದು ಬರೆಯಲು ನಾಚಿಕೆಯಿಲ್ಲ.

ಲಕ್ಷ್ಮೇಶ್ವರಕ್ಕೆ ಒಯ್ದೆ. ಗೌರವ್ವನ ಪಡಸಾಲೆ ಎರಡು ಮನೆಗಳ ನಡುವೆ ಇತ್ತು. ಅಣ್ಣ ಆ ಬಾಗಿಲಿನಿಂದ ಬಂದ, ತಮ್ಮ ಈ ಬಾಗಿಲಿನಿಂದ ಬಂದ. ಒಬ್ಬ ಕಂಬಕ್ಕೆ ಒರಗಿ ಕುಳಿತ, ಇನ್ನೊಬ್ಬ ಕಿಟಕಿಯ ಹತ್ತಿರ. ನಡುವೆ ನಾನು ಎರಡು ಡಬ್ಬಿ ಇಟ್ಟುಕೊಂಡು ಪಂಚಾಯಿತಿಗೆ ಬಂದವನ ಹಾಗೆ ಕುಳಿತೆ. ಗೌರವ್ವ ಒಳಗೆ ಚಹಾಕ್ಕೆ ಇಟ್ಟಿದ್ದರು, ಆದರೆ ಕಣ್ಣೆಲ್ಲ ಇತ್ತಲೇ.

ಡಬ್ಬಿ ತೆರೆದು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟೆ. ಈರಣ್ಣ ಬಿಳಿ ಬಣ್ಣ ನೋಡಿ ಗೆದ್ದವನ ಹಾಗೆ ನಕ್ಕ. ಮಲ್ಲಣ್ಣನ ಹುಬ್ಬು ಗಂಟಾಯಿತು.

“ಬಲಕಿನ ಬಾಗಲಾ ತಗದ ನೋಡ್ರಿ,” ಎಂದೆ.

ತೆರೆದ. ಕೆನೆ ಬಣ್ಣದ ಅಂಚು ಕಂಡಿತು. ಅವನು ಬಹಳ ಹೊತ್ತು ಅದನ್ನೇ ನೋಡಿದ, ಬೆರಳಿನಿಂದ ಸವರಿದ. ಅತ್ತ ಈರಣ್ಣನೂ ತನ್ನದನ್ನು ತೆರೆದು ನೋಡಿದ. ಇಬ್ಬರಿಗೂ ವಿಷಯ ತಿಳಿಯಿತು. ಆದರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಮಾತೂ ಬರಲಿಲ್ಲ. ನಾನು ಎಣಿಸಿದ್ದೆಲ್ಲ ಇಲ್ಲಿಗೆ ಮುಗಿದಿತ್ತು. ಇನ್ನು ಚಹಾ ಕುಡಿದು ಎದ್ದು ಬರುವುದಷ್ಟೇ. ಅಡುಗೆಮನೆಯ ಬಾಗಿಲಲ್ಲಿ ಗೌರವ್ವನ ಮುಖ ಬಾಡಿತು.

ಅಷ್ಟರಲ್ಲಿ ಈರಣ್ಣ ಗಾಡಿಯನ್ನು ತಿರುಗಿಸಿ ಎಡಗಡೆಯ ಮುಂದಿನ ಬಾಗಿಲನ್ನು ಉಗುರಿನಿಂದ ಮುಟ್ಟಿದ. ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. ಅವನು ಮುಚ್ಚಿ ಮತ್ತೆ ತೆರೆದ. ಕಂಬದ ಹತ್ತಿರ ಮಲ್ಲಣ್ಣನೂ ಅದನ್ನೇ ಮಾಡುತ್ತಿದ್ದ.

“ಮಿಸ್ತ್ರಿಯವರ, ಇದು ತಪ್ಪೈತ್ರಿ,” ಎಂದ ಮಲ್ಲಣ್ಣ.

“ಹೌದ್ರಿ, ತಪ್ಪೈತಿ,” ಎಂದ ಈರಣ್ಣ.

ನಾನು ಬಗ್ಗಿ ಬಾಗಿಲು ನೋಡಿದೆ. “ಯಾಕ್ರಿ, ಎಷ್ಟ ಸಲೀಸ ತಗೀತೈತಿ!”

“ಅದಕ ತಪ್ಪು,” ಎಂದ ಈರಣ್ಣ. “ಇದು ನಮ್ಮವ್ವ ಕುಂಡ್ರೂ ಕಡೆ ಬಾಗಲಾ. ಇದು ಎಂದೂ ಸಲೀಸ ತಗದದ್ದ ಇಲ್ಲ. ಅಪ್ಪ ಸುತ್ತ ಹಾಕಿ ಬಂದು ತಗೀತಿದ್ದ. ಮ್ಯಾಲ ಎತ್ತಿ ಜಗ್ಗಬೇಕಿತ್ತು.”

“ಎತ್ತೂದು ಆಮ್ಯಾಲಲೇ,” ಎಂದ ಮಲ್ಲಣ್ಣ. “ಮೊದ್ಲ ಮೊಣಕಾಲ ಕೊಡಬೇಕು.”

ಆ ‘ಲೇ’ ನನ್ನ ಕಿವಿಗೆ ಬಿತ್ತು. ಅದು ನನಗೆ ಹೇಳಿದ್ದಲ್ಲ. ಈರಣ್ಣ ಅಣ್ಣನ ಕಡೆ ತಿರುಗಿದ.

“ಇಲ್ಲೋ ಅಣ್ಣಾ. ಮೊದ್ಲ ಎತ್ತೂದು, ಆಮ್ಯಾಲ ಮೊಣಕಾಲು. ನಾ ಹಿಂದಿನ ಸೀಟಿನಾಗ ಕುಂತ ನೋಡ್ತಿದ್ದಿಲ್ಲೇನು?”

“ಹಿಂದ ಕುಂತಾಂವಗ ಮೊಣಕಾಲ ಎಲ್ಲಿ ಕಾಣತೈತಿ? ನಾ ಹೊರಗ ನಿಂತ ನೋಡೀನಿ.”

“ಕಾಣತಿತ್ತು!”

“ಶೆಡ್ಡಿನ ಚಾವಿ ತಾ, ತೋರಸ್ತೀನಿ.”

“ನಡಿ, ನಾನೂ ತೋರಸ್ತೀನಿ.”

ಇಬ್ಬರೂ ಎದ್ದು ಹಿತ್ತಲಿನ ಕಡೆ ನಡೆದರು. ಚಪ್ಪಲಿಯನ್ನೂ ಮೆಟ್ಟಲಿಲ್ಲ. ನನ್ನ ತಿಂಗಳುಗಟ್ಟಲೆಯ ದುಡಿಮೆ, ಕೂದಲೆಳೆಯಷ್ಟೂ ಫರಕಿಲ್ಲದ ಆ ಎರಡು ಗಾಡಿಗಳು, ಬಾಗಿಲು ತೆರೆದುಕೊಂಡು ನೆಲದ ಮೇಲೆ ಬಿದ್ದಿದ್ದವು. ಹಿತ್ತಲಿನಿಂದ ಶೆಡ್ಡಿನ ತಗಡಿನ ಬಾಗಿಲು ಕಿರುಗುಟ್ಟಿತು. ಆಮೇಲೆ “ನೂಕಲೇ ಜೋರ್ಲೆ”, “ನೂಕಾಕ ಹತ್ತೀನೋ ಅಣ್ಣಾ, ನೀ ಸ್ಟೇರಿಂಗ ಹಿಡಿ” ಎಂಬ ಕೂಗು, ಗಾಡಿ ಗೋಡೆಯಿಂದ ಸರಿದ ಸದ್ದು, ತಗಡಿನ ಮೇಲೆ ಮೊಣಕಾಲು ಬಡಿದ ಸದ್ದು. ಮತ್ತೆ ವಾದ. ಕೊನೆಗೆ ಇಬ್ಬರೂ ಒಟ್ಟಿಗೆ ಕೂಗಿದರು:

“ಅವ್ವಾ, ಬಾ ಇಲ್ಲೆ! ಅಪ್ಪ ಹೆಂಗ ತಗೀತಿದ್ದ, ನೀನ ಹೇಳು!”

ಗೌರವ್ವ ಎರಡು ಕಪ್ಪು ಹಿಡಿದುಕೊಂಡು ಪಡಸಾಲೆಗೆ ಬಂದು ನನ್ನೆದುರು ಕುಳಿತರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಕರೀತಾರಲ್ರಿ ಅವ್ವಾರ, ಹೋಗ್ರಿ,” ಎಂದೆ.

“ಹೋಗಂಗಿಲ್ಲ ತಮ್ಮಾ,” ಎಂದರು. “ನಾ ಹೋಗಿ ಇಂವಂದು ಖರೆ, ಅಂವಂದು ಸುಳ್ಳು ಅಂದ್ರ ಅಲ್ಲಿಗೇ ಮಾತ ನಿಂತುಬಿಡ್ತಾವ. ನೀ ಚಾ ಕುಡಿ.”